ಹನ್ನೊಂದು ಸಾವಿರದ ಒಂದು

ನಿಪ್ಪಾಣಿಯಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ತೀರಿಹೋದ ಹಿರಿಯರು, ಹೊಸ ಗಂಡಹೆಂಡತಿ, ನಿವೃತ್ತಿಯಾದವರ ಸನ್ಮಾನಪತ್ರ, ಎಲ್ಲಕ್ಕೂ ಅದೇ ಗಾಜು, ಅದೇ ಮೊಳೆ. ಮೂವತ್ತು ವರ್ಷ ಈ ಕಸುಬು ಮಾಡಿದವನಿಗೆ ಮುಖಗಳ ಬಗ್ಗೆ ವಿಶೇಷ ಭಾವನೆ ಉಳಿದಿರುವುದಿಲ್ಲ. ಸುತ್ತಲಿನ ಅಳತೆ ಮಾತ್ರ ಕಣ್ಣಿಗೆ ಬೀಳುತ್ತದೆ. ಈಗ ಹೇಳಹೊರಟಿರುವ ಸಂಗತಿಯೂ ಒಂದು ಮುಖದ್ದೇ. ಒಬ್ಬ ಹೆಣ್ಣುಮಗಳಿಗೆ ತನ್ನ ತಂದೆಯ ಮುಖ ನೋಡಬೇಕಿತ್ತು. ಆ ಮುಖದ ಮೇಲೆ ನಾವು ಒಂದು ರೂಪಾಯಿಯ ನಾಣ್ಯ ಇಟ್ಟಿದ್ದೆವು.

ನಾವು ಎಂದರೆ ನಾನು ಮತ್ತು ನನ್ನ ಗೆಳೆಯ. ಗೆಳೆಯ ಮೊದಲು ತಂಬಾಕಿನ ದಲಾಲಿ ಮಾಡುತ್ತಿದ್ದ, ಆಮೇಲೆ ಸೈಟುಗಳ ದಲಾಲಿ, ಈಗ ಸಿಕ್ಕಿದ್ದರ ದಲಾಲಿ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹಿಂದಿನ ಒಂದು ಹಳೆಯ ತಂಬಾಕಿನ ವಖಾರಿಯನ್ನು ಕೆಡವುವಾಗ ಅಟ್ಟದ ಮೇಲೆ ತಗಡಿನ ಟ್ರಂಕು ಸಿಕ್ಕಿತು. ರದ್ದಿಯವನು ಒಯ್ಯುವುದರೊಳಗೆ ನಾನು ಅದನ್ನು ಕೊಂಡೆ. ಒಳಗಿನದರ ಆಸೆಗಲ್ಲ, ಟ್ರಂಕು ಗಟ್ಟಿ ಇತ್ತು ಅಂತ. ತೆರೆದರೆ ತುಂಬ ಪೈಲವಾನರು.

ಈಗ ಹೆಸರೂ ಉಳಿಯದ ಒಂದು ಬೀಡಿ ಕಾರ್ಖಾನೆಯವರು ಒಂದು ಕಾಲಕ್ಕೆ ತಮ್ಮ ದೊಡ್ಡ ಪಾಕೀಟಿನಲ್ಲಿ ಒಂದೊಂದು ಕಾರ್ಡು ಇಡುತ್ತಿದ್ದರಂತೆ. ಇಸ್ಪೀಟಿನ ಎಲೆಯಷ್ಟು ಅಗಲ. ಮುಂದೆ ಲಂಗೋಟ ತೊಟ್ಟು ಎದೆ ಉಬ್ಬಿಸಿ ನಿಂತ ಕುಸ್ತಿ ಪೈಲವಾನ, ಹಿಂದೆ ಅವನ ಊರು, ತೂಕ, ಗೆದ್ದ ಮೈದಾನ. ಕೊಲ್ಲಾಪುರದ ಹೆಸರುವಾಸಿಗಳೂ ಇದ್ದರು, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ಒಂದೆರಡು ವರ್ಷ ಮೆರೆದು ಮರೆಯಾದವರೂ ಇದ್ದರು. ಗೆಳೆಯ ಒಂದು ಕಾರ್ಡು ಎತ್ತಿ ಮೂಸಿ ನೋಡಿದ. ಅವನು ಏನನ್ನಾದರೂ ಮೂಸಿಯೇ ನೋಡುವುದು, ತಂಬಾಕಿನ ಚಟ.

“ಲೇ, ಇದು ರದ್ದಿ ಅಲ್ಲಲೇ. ರೊಕ್ಕ ಐತಿ ಇದರಾಗ” ಅಂದ.

ಹಳೆಯ ನಾಣ್ಯ, ಅಂಚೆಚೀಟಿ, ಕಡ್ಡಿಪೆಟ್ಟಿಗೆಯ ಚಿತ್ರ ಕೂಡಿಸುವವರು ಸಾಂಗಲಿ, ಕೊಲ್ಲಾಪುರ, ಇಚಲಕರಂಜಿ ಕಡೆ ಬಹಳ. ಅವರನ್ನೆಲ್ಲ ಸೇರಿಸಿ ಗೆಳೆಯ ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿದ. ರವಿವಾರ ಊಟವಾದ ಮೇಲೆ ಎರಡು ಗಂಟೆಗೆ ನಾನು ಕಾರ್ಡಿನ ಫೋಟೋ ಹಾಕಬೇಕು. ಬೇಕಾದವರು ತಮ್ಮ ಬೆಲೆ ಬರೆಯಬೇಕು. ಮೂರು ಗಂಟೆಗೆ ಯಾರದು ಹೆಚ್ಚೋ ಅವರದು ಕಾರ್ಡು.

ಕೇಳಲಿಕ್ಕೆ ಸರಳ. ಮೊದಲ ರವಿವಾರ ಒಂದು ಕಾರ್ಡಿಗೆ ನಲವತ್ತು ರೂಪಾಯಿ ಬಂತು. ಎರಡನೆಯ ರವಿವಾರ ಗೆಳೆಯ ನನ್ನ ಹೆಂಡತಿಯ ಹಳೆಯ ಸಿಮ್ಮು ತರಿಸಿ ಇನ್ನೊಂದು ಫೋನಿಗೆ ಹಾಕಿದ. ಮುಖದ ಜಾಗದಲ್ಲಿ ಒಂದು ಗುಲಾಬಿ ಹೂವಿನ ಚಿತ್ರ ಇಟ್ಟ. ಅಂದಿನಿಂದ ನಮ್ಮ ಗ್ರೂಪಿನಲ್ಲಿ ಗುಲಾಬಿ ಹೂವಿನವರು ಎಂಬ ಒಬ್ಬ ಶ್ರೀಮಂತರು ಹುಟ್ಟಿಕೊಂಡರು. ಯಾರಾದರೂ ನೂರು ಬರೆದರೆ ಅವರು ನೂರೈವತ್ತು ಬರೆಯುವರು. ಯಾರೂ ಮುಂದೆ ಬರದಿದ್ದರೆ ಅವರೇ ಗೆಲ್ಲುವರು. ಕಾರ್ಡು ನಮ್ಮ ಟ್ರಂಕಿಗೇ ವಾಪಸು, ಆದರೆ ಗ್ರೂಪಿನಲ್ಲಿ ‘ಮಾರಾಟವಾಗಿದೆ’ ಎಂಬ ಬೆಲೆ ಉಳಿಯುವುದು. ಮುಂದಿನ ವಾರ ಅದೇ ಬೆಲೆಯಿಂದ ಶುರು. ಪುಣೆಯ ಯಾವುದೋ ಬಂಗಲೆಯಲ್ಲಿ ಕೂತ ಸಾಹುಕಾರ ಇರಬೇಕು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವರು ನನ್ನ ಅಂಗಡಿಯಲ್ಲಿ ಅಂಟಿನ ಡಬ್ಬಿಯ ಪಕ್ಕ ಕೂತು ಚುರುಮುರಿ ತಿನ್ನುತ್ತಿದ್ದರು.

ಮೊದಲೇ ಮಾತಾಡಿಕೊಂಡು ಕಣಕ್ಕೆ ಇಳಿದು, ಬಿದ್ದಂತೆ ಮಾಡಿ ಎದ್ದು ಹೋಗುವ ಆಟಕ್ಕೆ ನಮ್ಮ ಕಡೆ ನೂರಾ ಕುಸ್ತಿ ಎನ್ನುತ್ತಾರೆ. ನಾವು ಮಾಡಿದ್ದು ಅದೇ. ಪೈಲವಾನರ ಕಾರ್ಡಿಗೆ ನೂರಾ ಕುಸ್ತಿ ಎಂದು ಗೆಳೆಯ ತಾನೇ ಹೇಳಿ ನಗುತ್ತಿದ್ದ. ಒಂದೇ ಪೈಲವಾನನ ಮೂವತ್ತು ಕಾರ್ಡು ಟ್ರಂಕಿನಲ್ಲಿದ್ದರೂ ‘ಇದೊಂದೇ ಉಳಿದದ್ದು’ ಎಂದು ಆರು ತಿಂಗಳಿಗೆ ಒಂದು ಹೊರಗೆ ತೆಗೆಯುವುದು ನನ್ನ ಉಪಾಯ. ಬರೀ ಅವನ ಮೇಲೆ ಹಾಕಿದರೆ ನ್ಯಾಯವಾಗುವುದಿಲ್ಲ, ಅದಕ್ಕೆ ಹೇಳಿದೆ.

ಹೀಗೆ ನಲವತ್ತರದ್ದು ನಾನೂರಾಯಿತು, ಕೆಲವು ನಾಲ್ಕು ಸಾವಿರಕ್ಕೂ ಹೋದವು. ವಿಚಿತ್ರವೆಂದರೆ ಕೊಳ್ಳುವವರು ಬಹಳ, ಬೇಕಾದವರು ಯಾರೂ ಇಲ್ಲ. ಪ್ರತಿಯೊಬ್ಬನೂ ಮುಂದೆ ಇನ್ನೊಬ್ಬನಿಗೆ ಹೆಚ್ಚಿಗೆ ಮಾರಲೆಂದೇ ಕೊಳ್ಳುವವನು. ಅವರು ಕೇಳುವುದು ಒಂದೇ ಮಾತು: ಮೂಲೆ ಹೆಂಗದಾವ? ನಾಲ್ಕೂ ಮೂಲೆ ಚೂಪಾಗಿದ್ದರೆ ಒಂದು ಬೆಲೆ, ಒಂದು ಮೂಲೆ ಮಡಚಿದರೆ ಅರ್ಧ. ಹೀಗಾಗಿ ನಾವು ಫೋಟೋ ತೆಗೆಯುವಾಗ ಮೂಲೆಗಳು ಸ್ಪಷ್ಟ ಕಾಣುವಂತೆ ಇಟ್ಟು, ಪೈಲವಾನನ ಮುಖದ ಮೇಲೆ ಒಂದು ರೂಪಾಯಿಯ ನಾಣ್ಯ ಇಡುತ್ತಿದ್ದೆವು. ಯಾರಾದರೂ ಫೋಟೋದಿಂದಲೇ ನಕಲು ಛಾಪಿಸಿ ಮಾರಿಬಿಟ್ಟರೆ ಎಂಬ ಭಯ. ನಾಣ್ಯ ಸರಿಸಿ ಎಂದು ಯಾರೂ ಯಾವತ್ತೂ ಕೇಳಿರಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ, ಕುಡಚಿ ಹತ್ತಿರದ ಒಂದು ಹಳ್ಳಿಯ ಪೈಲವಾನನ ಕಾರ್ಡು ಹಾಕಿದೆ, ಹಿಂದಿನ ಬದಿಯ ಫೋಟೋ ಸಮೇತ. ಹೆಸರುವಾಸಿಯಲ್ಲ. ಅವನದು ಟ್ರಂಕಿನಲ್ಲಿ ನಿಜವಾಗಿಯೂ ಒಂದೇ ಇತ್ತು. ‘ಇದೊಂದೇ ಉಳಿದದ್ದು’ ಎಂದು ನಾನು ಬರೆದ ನೂರು ಸಲದಲ್ಲಿ ಖರೆ ಆದದ್ದು ಅದೊಂದು ಸಲ. ಒಂದು ಮೂಲೆ ಮಡಚಿತ್ತು, ಬೆನ್ನಿಗೆ ನೀರಿನ ಕಲೆ. ಮುನ್ನೂರು ಬಂದರೆ ಪುಣ್ಯ ಅಂದುಕೊಂಡಿದ್ದೆ.

ಹಾಕಿದ ಎರಡೇ ನಿಮಿಷಕ್ಕೆ ಗ್ರೂಪಿಗೆ ಹೊಸದಾಗಿ ಬಂದ ಒಂದು ನಂಬರಿನಿಂದ ಬರಹ ಬಂತು. ಕಾಗವಾಡದ ಒಬ್ಬ ಮಾಸ್ತರು ಸೇರಿಸಿದ್ದ ನಂಬರು. “ನಾಣ್ಯ ಸರಿಸಿ ಮುಖ ತೋರಿಸುತ್ತೀರಾ?”

ಗೆಳೆಯ ಚುರುಮುರಿ ಕೆಳಗಿಟ್ಟ. “ನೋಡಲೇ, ಮೂಲಿ ಕೇಳವಲ್ಲ, ಮಾರಿ ಕೇಳತಾನ. ನಕಲ ಮಾಡಾಂವನ ಇಂವ. ಸಾಂಗಲಿ ವ್ಯಾಪಾರಿದು ಎರಡನೇ ನಂಬರ ಇರಬೇಕ.”

ಸಾಂಗಲಿಯಲ್ಲಿ ನಮ್ಮಂಥವನೇ ಒಬ್ಬನಿದ್ದ. ಅವನ ಹತ್ತಿರವೂ ಇವೇ ಕಾರ್ಡುಗಳಿದ್ದವು, ಬೆಲೆ ಏರಿದರೆ ಅವನಿಗೂ ಲಾಭ. ನಾನು ಮುಖ ತೋರಿಸಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಬೆಲೆ ಬಂತು, ಐದು ನೂರಾ ಒಂದು.

ಕೊಲ್ಲಾಪುರದವರೊಬ್ಬರು ಆರುನೂರು ಬರೆದರು. ಆ ಕಡೆಯಿಂದ ಒಂದು ಸಾವಿರದ ಒಂದು. ಕೊಲ್ಲಾಪುರದವರು ಸುಮ್ಮನಾದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮುನ್ನೂರರ ಕಾರ್ಡಿಗೆ ಸಾವಿರದ ಒಂದು ಬಂದಿತ್ತು. ಆದರೆ ತಾನು ಕಳ್ಳ, ಪರರ ನಂಬ. ಇದು ಹೇಗೂ ದುಡ್ಡು ಕೊಡದ ಸುಳ್ಳು ನಂಬರು, ಇವನನ್ನು ಮೇಲೆ ಹತ್ತಿಸಿ ನಮ್ಮ ಎಲ್ಲ ಕಾರ್ಡುಗಳ ಬೆಲೆ ಏರಿಸಿಕೊಳ್ಳೋಣ ಎಂದು ಗೆಳೆಯ ಗುಲಾಬಿ ಹೂವನ್ನು ಕಣಕ್ಕಿಳಿಸಿದ. ಎರಡು ಸಾವಿರ ಅಂದ. ಆ ಕಡೆಯಿಂದ ಎರಡು ಸಾವಿರದ ಐದು ನೂರಾ ಒಂದು. ನಾಲ್ಕು ಅಂದ, ಐದು ಸಾವಿರದ ಒಂದು. ಏಳು ಅಂದ. ಆ ಕಡೆಯವರು ಈ ಸಲ ಹತ್ತು ನಿಮಿಷ ತಡ ಮಾಡಿದರು. ಆಮೇಲೆ ಬಂತು, ಹನ್ನೊಂದು ಸಾವಿರದ ಒಂದು.

ಈಗ ಬರೆಯುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನಾನು ಜೈನರ ಮನೆಯವನು. ಚಿಕ್ಕಂದಿನಿಂದ ಬಸದಿಯಲ್ಲಿ ಸವಾಲು ಕೇಳಿಕೊಂಡೇ ಬೆಳೆದವನು. ಅಭಿಷೇಕದ ಮೊದಲ ಕಲಶ ಯಾರದು ಎಂದು ಅಲ್ಲಿ ಸವಾಲು ಕೂಗುತ್ತಾರೆ. ಅದೂ ಒಂದು ರೀತಿಯ ಹರಾಜೇ. ಅಲ್ಲಿ ಪ್ರತಿ ಕೂಗಿನ ಕೊನೆಗೂ ಒಂದು ಇರುತ್ತದೆ: ನೂರಾ ಒಂದು, ಸಾವಿರದ ಒಂದು. ಕೂಗಿದ್ದನ್ನು ಯಾರೂ ಹಿಂದೆಗೆಯುವುದಿಲ್ಲ, ಕೂಗಿದ ದುಡ್ಡನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ವ್ಯಾಪಾರಿ ಯಾವನೂ ಒಂದು ಸೇರಿಸಿ ಬರೆಯುವುದಿಲ್ಲ. ಆ ಒಂದುಗಳೆಲ್ಲ ನನ್ನ ಕಣ್ಣೆದುರೇ ಸಾಲಾಗಿ ಹೋದವು, ನನಗೆ ಗುರುತು ಸಿಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಹಾಗೆ.

ಗುಲಾಬಿ ಹೂವು ಹನ್ನೆರಡು ಸಾವಿರ ಬರೆಯಿತು. ಮೂರು ಗಂಟೆಗೆ ಇನ್ನೂ ಐದಾರು ನಿಮಿಷ ಇತ್ತು. ಆ ನಂಬರಿನಿಂದ ಒಂದೇ ಶಬ್ದ ಬಂತು, “ಅನುಮೋದನಾ”, ಮುಂದೆ ಕೈಮುಗಿದ ಚಿತ್ರ. ಇನ್ನೊಬ್ಬರು ಮಾಡುವ ಒಳ್ಳೆಯ ಕೆಲಸವನ್ನು ನೋಡಿ ಮನಸಾರೆ ಸಂತೋಷಪಟ್ಟರೆ ಆ ಪುಣ್ಯ ನಮಗೂ ಸಲ್ಲುತ್ತದೆ, ಅದಕ್ಕೆ ನಮ್ಮ ಜೈನರಲ್ಲಿ ಹೇಳುವ ಮಾತು ಅದು.

“ಚೇಷ್ಟಿ ಮಾಡಾಕತ್ತಾನ ಮಗ” ಅಂದ ಗೆಳೆಯ. ನಾನು ‘ಮಾರಾಟವಾಗಿದೆ, ಹನ್ನೆರಡು ಸಾವಿರ’ ಎಂದು ಬರೆದು, ಕಾರ್ಡನ್ನು ಟ್ರಂಕಿಗೆ ಹಾಕಿ, ನಾಣ್ಯವನ್ನು ಗಲ್ಲಾಪೆಟ್ಟಿಗೆಗೆ ಹಾಕಿದೆ.

ಮೂರು ವಾರದ ಮೇಲೆ, ಒಂದು ಬುಧವಾರ ಹನ್ನೊಂದು ಗಂಟೆಯ ಸುಮಾರಿಗೆ ಅರವತ್ತು ದಾಟಿದ ಹೆಣ್ಣುಮಗಳೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ನಿಂತ ರೀತಿಯಲ್ಲೇ ಸಾಲೆಯಲ್ಲಿ ಕಲಿಸಿದವರು ಎಂದು ಗೊತ್ತಾಗುತ್ತಿತ್ತು. ನಾನು ಗಾಜು ಕೊಯ್ಯುತ್ತಿದ್ದೆ.

“ಅಣ್ಣಾರ, ಪೈಲವಾನರ ಕಾರ್ಡ ಮಾರೂ ಅಂಗಡಿ ಇದ ಹೌದಲ್ರಿ?”

“ಹೌದ್ರಿ ಅಕ್ಕೋರ, ಬರ್ರಿ, ಕುಂದರ್ರಿ.”

“ನಾ ಕುಡಚಿ ಕಡೀಂದ ಬಂದೇನ್ರಿ. ಆವತ್ತ ಹನ್ನೊಂದ ಸಾವಿರದ ಒಂದು ಕೂಗಿದಾಕಿ ನಾನ. ಗುಲಾಬಿ ಹೂವಿನವರು ಎಲ್ಲಿರ್ತಾರ್ರಿ? ಅವರನ್ನ ಒಮ್ಮಿ ಕಾಣಬೇಕಾಗಿತ್ತು.”

ಗಾಜು ಗೆರೆ ಬಿಟ್ಟು ಸೀಳಿತು. ಅವರು ದೂರ ಇರುತ್ತಾರೆ, ಪುಣೆ ಕಡೆ, ಎಂದು ಬಾಯಿಗೆ ಬಂದದ್ದು ಹೇಳಿದೆ. ಏನು ಕೆಲಸ ಇತ್ತು ಎಂದು ಕೇಳಿದೆ.

“ಆ ಕಾರ್ಡಿನ್ಯಾಗ ಇರಾಂವ ನಮ್ಮಪ್ಪರಿ” ಅಂದರು ಆಕೆ. ಹೊಳೆಯ ನೆರೆ ಮನೆಯೊಳಗೆ ಬಂದು ಮೂರು ದಿನ ನಿಂತಿತ್ತಂತೆ. “ಅಪ್ಪಂದು ಒಂದ ಫೋಟೋ ಇತ್ತು, ಗ್ವಾಡಿ ಮ್ಯಾಲ. ನೀರ ಇಳದ ಮ್ಯಾಲ ನೋಡಿದ್ರ ಕಟ್ಟ ಇತ್ತು, ಗಾಜ ಇತ್ತು, ಒಳಗ ಮಾರಿ ಇರಲಿಲ್ಲ. ಆತು ಬಿಡು ಅಂತ ಇದ್ದೆ. ಈಗೀಗ ಅಪ್ಪನ ದನಿ ನೆನಪಿಗೆ ಬರತೈತ್ರಿ, ಮಾರಿ ಬರವಲ್ದು. ಕಾಗವಾಡದ ಮಾಸ್ತರು ನಿಮ್ಮ ಗ್ರೂಪಿಗೆ ಸೇರಿಸಿದ್ರು. ಕಾರ್ಡಿನ ಹಿಂದ ಊರ ಹೆಸರ, ಗೆದ್ದ ಮೈದಾನ ನೋಡಿ ಗುರುತ ಹಿಡದೆ. ಮಾರಿ ಮ್ಯಾಲ ರೂಪಾಯಿ ಇತ್ತು.”

ಹಾಗಾದರೆ ಯಾಕೆ ಬಿಟ್ಟಿರಿ, ಇನ್ನೊಂದು ಸಲ ಕೂಗಬೇಕಾಗಿತ್ತಲ್ಲ ಅಂದೆ. ನನಗೆ ಆ ಪ್ರಶ್ನೆ ಕೇಳುವ ಹಕ್ಕಿರಲಿಲ್ಲ, ಆದರೆ ಕೇಳಿದೆ.

“ಕೂಗಬೇಕಂತನ ಇದ್ದೆ. ಹನ್ನೆರಡ ಬಂತಲ್ರಿ, ಆವಾಗ ಅನಿಸ್ತು, ನನಗಿಂತ ಹೆಚ್ಚ ಬೇಕಾಗಿದ್ದಾಂವ ಯಾವನೋ ಒಬ್ಬಾಂವ ಅದಾನ. ನಮ್ಮ ಊರಾಗ ಸುದ್ದಾ ಅಪ್ಪನ್ನ ಯಾರೂ ನೆನಸೂದಿಲ್ರಿ. ಇಲ್ಲೆ ಯಾವ ಪುಣ್ಯಾತ್ಮೋ ಹನ್ನೆರಡ ಸಾವಿರ ಅಂತಾನ. ಮಗಳಿಗೆ ಇನ್ನೇನ ಬೇಕ್ರಿ? ಹೆಚ್ಚ ಭಾವ ಇದ್ದವರಿಗೆ ಬಿಟ್ಟ ಕೊಟ್ಟೆ. ಅವತ್ತ ರಾತ್ರಿ ಹೊಟ್ಟಿ ತುಂಬ ಊಟ ಮಾಡೇನಿ.”

ಆಕೆ ಚೀಲದಿಂದ ಕೇಸರಿ ಬಣ್ಣ ಮಾಸಿದ ಒಂದು ಫೇಟಾ ತೆಗೆದರು. ಕಾರ್ಡಿನ ಬೆನ್ನಿಗೆ ಬರೆದಿದ್ದ ಮೈದಾನದಲ್ಲಿ ಗೆದ್ದಾಗ ಅವರ ತಂದೆಯ ತಲೆಗೆ ಕಟ್ಟಿದ್ದು. ಅಟ್ಟದ ಮೇಲಿದ್ದದ್ದರಿಂದ ಉಳಿದಿತ್ತು. “ನಾ ಇಟಗೊಂಡ ಏನ ಮಾಡ್ಲಿ? ಅವರಿಗೆ ಕೊಡೂನಂತ ತಂದೇನಿ. ಮನಸ ಬಂದ್ರ ಒಮ್ಮಿ ಕಾರ್ಡ ತೋರಿಸ್ತಾರ. ನೋಡಿ ಹೋಗಿಬಿಡ್ತೀನಿ.”

ಪುಣೆಯ ಸಾಹುಕಾರನಿಗೆ ತಲುಪಿಸುತ್ತೇನೆ ಎಂದು ಫೇಟಾ ಇಸಿದುಕೊಂಡು ಕಳಿಸಿಬಿಡಬಹುದಿತ್ತು. ಅಷ್ಟು ಕೆಟ್ಟವನಾಗಲು ಆಗಲಿಲ್ಲ. ಪೂರ್ತಿ ಒಳ್ಳೆಯವನಾಗಲೂ ಆಗಲಿಲ್ಲ. ಅರ್ಧ ಸತ್ಯ ಹೇಳಿದೆ. “ಅಕ್ಕೋರ, ಪುಣೆ ಅಂದದ್ದು ಸುಳ್ಳ. ಆ ಹೂವಿನ ನಂಬರ ನಂದರಿ. ಕಾರ್ಡ ನನ್ನ ಹಂತೇಕನ ಐತಿ.”

ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಮಾರುವವನಿಗೇ ಮಾರಲು ಮನಸ್ಸು ಬರಲಿಲ್ಲ ಎಂದು ಅವರು ತಿಳಿದುಕೊಂಡರು. “ನೀವ ಏನ್ರಿ? ಹೇಳಾಕ ನಾಚಿದ್ರೇನು? ಬಗ್ಗರಿ ಒಂದೀಟು” ಅಂದರು. ನಾನು ಬಗ್ಗಿದೆ. ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನಿಗೆ ತಾನೇ ಕಟ್ಟುತ್ತಿದ್ದೆ ಎನ್ನುತ್ತ ಫೇಟಾದ ಒಂದೊಂದೇ ಸುತ್ತು ಬಿಗಿದು ಕಟ್ಟತೊಡಗಿದರು.

ಕಟ್ಟುತ್ತ ಮಾತು ಮುಂದುವರಿಸಿದರು. ಅಪ್ಪನಿಗೆ ಈ ಗೆಲುವಿನ ಮರುವರ್ಷ ಒಂದು ದೊಡ್ಡ ಮೈದಾನ ಕೂಡಿಬಂದಿತ್ತಂತೆ. ನಡೆಸುವವರು ಮನೆಗೆ ಬಂದು, ಇಪ್ಪತ್ತು ನಿಮಿಷ ಆಡಿಸಿ ಆಮೇಲೆ ಬಿದ್ದುಬಿಡು, ಇಬ್ಬರಿಗೂ ಸಮ ದುಡ್ಡು ಅಂದರಂತೆ. “ನೂರಾ ಕುಸ್ತಿ ನನ್ನ ಕೈಲೆ ಆಗೂದಿಲ್ಲ ಅಂದ ಅಪ್ಪ. ಆಮ್ಯಾಲ ಅಂವಗ ಯಾವ ಕುಸ್ತಿಗೂ ಯಾರೂ ಜೋಡಿ ಹಚ್ಚಲಿಲ್ರಿ. ಅಲ್ಲಿಗೆ ಮುಗೀತು. ಹೊಲಾ ಮಾಡ್ಕೊಂಡ ಇದ್ದ. ಅದಕ್ಕ ಯಾರಿಗೂ ಅಂವ ಗೊತ್ತಿಲ್ಲ.”

ನನ್ನ ಅಂಗಡಿಯಲ್ಲಿ ಕಟ್ಟು ಹಾಕಿ ಮಾರಲಿಟ್ಟ ಕನ್ನಡಿಗಳು ಬಹಳ. ಎದುರಿಗೆ ನಾಲ್ಕು, ಪಕ್ಕದಲ್ಲಿ ಎರಡು. ಎಲ್ಲದರಲ್ಲೂ ಫೇಟಾ ಕಟ್ಟಿಕೊಂಡ ನಾನು. ಮುಖಗಳ ಬಗ್ಗೆ ಭಾವನೆ ಇಲ್ಲ ಎಂದು ಮೊದಲೇ ಹೇಳಿದೆನಲ್ಲ, ಆ ಆರು ಮುಖಗಳನ್ನು ಕಂಡು ಹೇಸಿಕೆಯಾಯಿತು.

ಹೇಳಿಬಿಟ್ಟೆ. ಸಿಮ್ಮು, ಗುಲಾಬಿ ಹೂವು, ಸಾಂಗಲಿಯ ವ್ಯಾಪಾರಿ, ಮೂಲೆ ಕೇಳದೆ ಮುಖ ಕೇಳಿದ್ದಕ್ಕೆ ಅವರನ್ನು ಕಳ್ಳರೆಂದು ತಿಳಿದದ್ದು, ಎಲ್ಲ. ಅವರ ಕೈ ನಿಂತಿತು.

“ಅಂದ್ರ ಹನ್ನೆರಡ ಸಾವಿರ ಅಂದಾವರು ಯಾರೂ ಇಲ್ಲ?”

“ಇಲ್ರಿ.”

“ಅಪ್ಪ ಯಾರಿಗೂ ಬೇಕಾಗಿದ್ದಿಲ್ಲ?”

“ನಿಮಗ ಬೇಕಾಗಿದ್ದರಲ್ರಿ” ಅಂದೆ. ಸಮಾಧಾನಕ್ಕೆ ಅಂದದ್ದು, ಆದರೆ ಬೈಗುಳದಂತೆ ಕೇಳಿಸಿತು.

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಟ್ಟಿದ್ದಕ್ಕಿಂತ ನಿಧಾನವಾಗಿ, ಒಂದೊಂದೇ ಸುತ್ತು ನನ್ನ ತಲೆಯಿಂದ ಫೇಟಾ ಬಿಚ್ಚಿ, ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು “ಕಾರ್ಡ ತಗೀರಿ” ಅಂದರು, ಸಾಲೆಯಲ್ಲಿ ಪಾಟಿ ತೆಗೆಯಿರಿ ಅಂದಂತೆ.

ನಾನು ಟ್ರಂಕಿನಿಂದ ಕಾರ್ಡು ತೆಗೆದುಕೊಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ನಡುವೆ ಒಬ್ಬ ಗಿರಾಕಿ ಬಂದು ಫೋಟೋ ಒಯ್ದು ಹಣ ಕೊಟ್ಟು ಹೋದ. ಆಕೆ ಅಲ್ಲಾಡಲಿಲ್ಲ.

“ಕಿವಿ ನಂದ ಐತಿ ನೋಡ್ರಿ” ಅಂದರು ಕೊನೆಗೆ.

ನಾನು ಆಗ ಮೊದಲ ಸಲ ಆ ಮುಖವನ್ನು ನೋಡಿದೆ. ಮೂರು ವಾರ ನನ್ನ ಟ್ರಂಕಿನಲ್ಲಿ ಬೆಲೆ ಏರಿಸಿಕೊಂಡು ಕೂತಿದ್ದ ಮುಖ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಕಿವಿ ಗಡ್ಡೆ ಕಟ್ಟಿತ್ತು, ಅದು ಮಗಳಿಗೆ ಬರುವ ಮಾತಲ್ಲ. ಆದರೆ ಕಿವಿಯ ಕೆಳಗಿನ ಹಾಲೆ ಅಗಲವಾಗಿ ಕೆನ್ನೆಗೆ ಅಂಟಿದ್ದು ಇಬ್ಬರದೂ ಒಂದೇ.

ಆಕೆ ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟರು. ನಾನು ಎರಡೂ ಕೈ ಎತ್ತಿ ಬೇಡವೆಂದೆ.

“ಕೂಗಿದ ದುಡ್ಡು ಮನ್ಯಾಗ ಇಟಗೋಬಾರದ್ರಿ. ಸ್ತವನಿಧಿ ಬಸದಿ ಹುಂಡಿಗೆ ಹಾಕಿ ಹೋಗೂನಂತ ತಂದಿದ್ದೆ. ಈಗ ಕಾರ್ಡ ನನಗ ಬಂತಲ್ಲ, ಇದು ನಿಮ್ಮದು.”

“ಅದರ ಬೆಲಿ ಮುನ್ನೂರರಿ ಅಕ್ಕೋರ, ಅಷ್ಟ.”

“ಬೆಲಿ ನಿಮಗ ಗೊತ್ತು” ಅಂದರು ಆಕೆ. “ನಾ ಕೂಗಿದ್ದು ಹನ್ನೊಂದ ಸಾವಿರದ ಒಂದು. ನಾ ಸುಳ್ಳ ಕೂಗಿಲ್ಲ.”

ಕಾರ್ಡಿಗೆ ಒಂದು ಕಟ್ಟು ಹಾಕಿಕೊಡಲೇ ಎಂದು ಕೇಳಿದೆ. ಮನೆಯಲ್ಲಿ ಕಟ್ಟು ಇದೆ ಎಂದು ಹೇಳಿ ಚಿಕ್ಕೋಡಿ ಬಸ್ಸಿಗೆ ಹೋದರು.

ಸಂಜೆ ಗ್ರೂಪಿನಲ್ಲಿ ಬರೆದೆ: ಹನ್ನೆರಡು ಸಾವಿರ ಸುಳ್ಳು, ಗುಲಾಬಿ ಹೂವು ನಾನೇ. ಒಬ್ಬರೂ ನಂಬಲಿಲ್ಲ. ಬೆಲೆ ಬೀಳಿಸಿ ಎಲ್ಲ ಕಾರ್ಡು ತಾನೇ ಕೊಳ್ಳುವ ಹೊಸ ಆಟ ಎಂದು ಸಾಂಗಲಿಯವನು ಬರೆದ. ಗೆಳೆಯ ಒಂದು ತಿಂಗಳು ಅಂಗಡಿಗೆ ಬರಲಿಲ್ಲ. ಬಂದಾಗ “ಖರೆ ಹೇಳಾಕ ನೀ ಏನ ಸತ್ಯಹರಿಶ್ಚಂದ್ರೇನಲೇ?” ಎಂದು ಕೇಳಿ, ಚುರುಮುರಿಗೆ ಕೈ ಹಾಕಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಕಾರ್ಡುಗಳು ಇವತ್ತಿಗೂ ಏರಿದ ಬೆಲೆಯಲ್ಲೇ ಓಡಾಡುತ್ತಿವೆ.

ಲಕೋಟೆಯನ್ನು ಮರುದಿನವೇ ಸ್ತವನಿಧಿಗೆ ಒಯ್ದು ಹಾಕಿದೆ. ಹುಂಡಿಯ ಮುಂದೆ ಬಿಚ್ಚಿ ನೋಡಿದರೆ ನೋಟುಗಳ ಜೊತೆ ಒಂದು ರೂಪಾಯಿಯ ನಾಣ್ಯ. ಅದನ್ನೂ ಹಾಕಿದೆ.

ಟ್ರಂಕಿನಲ್ಲಿ ಇನ್ನೂ ಪೈಲವಾನರಿದ್ದಾರೆ. ಹಳ್ಳಿಯವರೇ ಹೆಚ್ಚು. ಈಗ ಫೋಟೋ ಹಾಕುವಾಗ ನಾಣ್ಯ ಇಡುವುದಿಲ್ಲ, ಮುಖ ಸ್ಪಷ್ಟವಾಗಿ ಕಾಣುವಂತೆ ಬೆಳಕಿಗೆ ಇಟ್ಟು ತೆಗೆಯುತ್ತೇನೆ. ಊರಿನ ಹೆಸರನ್ನೂ ಮೇಲೆಯೇ ದೊಡ್ಡದಾಗಿ ಬರೆಯುತ್ತೇನೆ, ಯಾರದಾದರೂ ಮಗನೋ ಮಗಳೋ ನೋಡಲಿ ಎಂದು. ಬರೆಯುವವರೆಲ್ಲ ಇವತ್ತಿಗೂ ಮೂಲೆ ಹೇಗಿದೆ ಎಂದೇ ಕೇಳುತ್ತಾರೆ.